ಈ ಗುರುತು ಯಾವಾಗ ಮೂಡಿತು? ಟಂಕಸಾಲೆಯ ತಪ್ಪು, ಅಚ್ಚಿನ ಭೇದ, ಖೋಟಾ ನಾಣ್ಯ ಗುರುತಿಸುವ ದಾರಿ

ನಾಣ್ಯವೊಂದು ಕೈಗೆ ಬರುತ್ತದೆ. ಏನೋ ಬೇರೆ ಥರ ಇದೆ ಅನ್ನಿಸುತ್ತದೆ. ಅಕ್ಷರಗಳು ಎರಡೆರಡಾಗಿ ಕಾಣುತ್ತವೆ, ಇಲ್ಲವೇ ಒಂದು ಬದಿ ಕಚ್ಚಿ ತೆಗೆದ ಹಾಗಿದೆ, ಇಲ್ಲವೇ ಇಸವಿಯ ಒಂದು ಅಂಕೆಯೇ ಕಾಣೆ. ಸಂಗ್ರಹಕ್ಕೆ ಹೊಸದಾಗಿ ಇಳಿದವರು ಆಗ ಮೊದಲು ಕೇಳುವುದು "ಇದಕ್ಕೆ ಎಷ್ಟು ಬೆಲೆ ಬರುತ್ತೆ?" ಅಂತ. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಕೇಳಬೇಕಾದದ್ದು ಇದು: ಈ ಗುರುತು ನಾಣ್ಯದ ಬದುಕಿನಲ್ಲಿ ಯಾವಾಗ ಮೂಡಿತು? ಬಿಲ್ಲೆ ಕತ್ತರಿಸುವಾಗಲೋ, ಅಚ್ಚು ತಯಾರಿಸುವಾಗಲೋ, ಅಚ್ಚು ಬಿದ್ದ ಆ ಕ್ಷಣದಲ್ಲೋ, ಅಥವಾ ಟಂಕಸಾಲೆಯಿಂದ ಹೊರಬಿದ್ದ ಮೇಲೋ?

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ತಯಾರಿಕೆಯ ಯಾವ ಹಂತದಲ್ಲೂ ಆಗಲು ಸಾಧ್ಯವಿಲ್ಲದ ಗುರುತಾದರೆ ಅದು ಟಂಕಸಾಲೆಯ ತಪ್ಪಲ್ಲ. ಯಾರೋ ಮಾಡಿದ ಹಾನಿ, ಇಲ್ಲವೇ ಮೋಸ.

ಮೊದಲು ನಾಣ್ಯ ಹುಟ್ಟುವ ಬಗೆ

ಲೋಹದ ತಗಡಿನಿಂದ ಬಿಲ್ಲೆ ಕತ್ತರಿಸುತ್ತಾರೆ. ಬಿಲ್ಲೆಯನ್ನು ಒಂದು ಯಂತ್ರದಲ್ಲಿ ಉರುಳಿಸಿ ಸುತ್ತಲೂ ಅಂಚನ್ನು ಸ್ವಲ್ಪ ಎಬ್ಬಿಸುತ್ತಾರೆ. ಈ ಎದ್ದ ಕಟ್ಟೆಯೇ ರಿಮ್. ಆಮೇಲೆ ಬಿಲ್ಲೆ ಕೆಳಗಿನ ಅಚ್ಚಿನ ಮೇಲೆ ಕೂರುತ್ತದೆ, ಸುತ್ತಲೂ ಕಾಲರ್ ಎನ್ನುವ ಉಕ್ಕಿನ ಬಳೆ ಅದನ್ನು ಹಿಡಿದಿಡುತ್ತದೆ, ಮೇಲಿನ ಅಚ್ಚು ಬಂದು ಒತ್ತುತ್ತದೆ. ಲೋಹ ಅಚ್ಚಿನ ತಗ್ಗುಗಳೊಳಗೆ ಹರಿದು ಚಿತ್ರವಾಗಿ ಉಬ್ಬುತ್ತದೆ.

ಇಲ್ಲಿ ಒಂದು ಸಂಗತಿ ಚೆನ್ನಾಗಿ ಮನಸ್ಸಿಗೆ ಇಳಿಯಬೇಕು. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗಿ ಬರುತ್ತದೆ. ಅಚ್ಚಿನ ಮೇಲೆ ಗೀರು ಬಿದ್ದಿದ್ದರೆ, ಬಿರುಕು ಬಿಟ್ಟಿದ್ದರೆ, ನಾಣ್ಯದ ಮೇಲೆ ಅದು ಎದ್ದ ಗೆರೆಯಾಗಿ ಕಾಣುತ್ತದೆ. ನಾಣ್ಯದ ಮೇಲೇ ಬಿದ್ದ ಗೀರು ಒಳಕ್ಕೆ ಇಳಿದಿರುತ್ತದೆ, ಅದರ ಎರಡೂ ದಡದಲ್ಲಿ ಉಳುಮೆಯ ಸಾಲಿನಂತೆ ಲೋಹ ಎದ್ದಿರುತ್ತದೆ. ಉಬ್ಬೋ ತಗ್ಗೋ ಎನ್ನುವ ಈ ಒಂದೇ ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಅನುಮಾನ ತೀರುತ್ತದೆ.

ತಪ್ಪಿಗೂ ಭೇದಕ್ಕೂ ವ್ಯತ್ಯಾಸವೂ ಇಲ್ಲಿಂದಲೇ ಹುಟ್ಟುತ್ತದೆ. ಬಿಲ್ಲೆ ಸರಿಯಾಗಿ ಕೂರದೆ ಚಿತ್ರ ಓರೆಯಾಗಿ ಬಿದ್ದರೆ ಅದು ಆ ಒಂದು ನಾಣ್ಯದ ತಪ್ಪು, ಅದರಂಥದೇ ಇನ್ನೊಂದು ಸಿಗುವುದಿಲ್ಲ. ಅಚ್ಚಿನಲ್ಲೇ ವ್ಯತ್ಯಾಸವಿದ್ದರೆ ಅದು ಭೇದ: ಆ ಅಚ್ಚಿನಿಂದ ಬಂದ ಎಲ್ಲ ನಾಣ್ಯಗಳಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇರಲೇಬೇಕು.

ಬೆಳಕು, ಭೂತಗನ್ನಡಿ, ತೂಕ

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ತೂಕಕ್ಕೆ 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಅಳತೆಗೆ ಕ್ಯಾಲಿಪರ್, ಒಂದು ಬಲವಾದ ಆಯಸ್ಕಾಂತ. ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಿರಿ.

ಸಾಮಗ್ರಿಗಿಂತ ಬೆಳಕು ದೊಡ್ಡದು. ಸುತ್ತಲೂ ಎಲ್‌ಇಡಿ ದೀಪಗಳಿರುವ ಅಗ್ಗದ ಡಿಜಿಟಲ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಅಕ್ಷರಕ್ಕೂ ನಾಲ್ಕಾರು ನೆರಳು, ಹೊಳಪು ಬಿದ್ದು ಇಲ್ಲದ ಜೋಡಿ ರೂಪ ಕಾಣಿಸುತ್ತದೆ. ಒಂದೇ ಒಂದು ದೀಪ ಇಟ್ಟುಕೊಳ್ಳಿ. ಅದು ಓರೆಯಾಗಿ ಬೀಳಲಿ. ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಲೋಹದಲ್ಲೇ ಇರುವ ಗುರುತು ಹೇಗೆ ತಿರುಗಿಸಿದರೂ ಇದ್ದ ಜಾಗದಲ್ಲೇ ಇರುತ್ತದೆ, ಬೆಳಕಿನ ಆಟವಾದರೆ ಓಡಾಡುತ್ತದೆ.

ಮೊದಲು ತೂಗಿ, ಆಮೇಲೆ ಯೋಚಿಸಿ. ಅಮೆರಿಕದ ಒಂದು ಸೆಂಟ್ ನಾಣ್ಯ ಇದಕ್ಕೆ ಒಳ್ಳೆಯ ಪಾಠ. 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಗಿದ್ದರಿಂದ ಸತುವಿನ ಲೇಪವಿದ್ದ ಉಕ್ಕಿನಲ್ಲಿ ಸೆಂಟ್ ಟಂಕಿಸಿದರು. ತಪ್ಪಿ ಹಳೆಯ ತಾಮ್ರದ ಬಿಲ್ಲೆಗಳ ಮೇಲೆ ಬಿದ್ದ ಕೆಲವೇ ಕೆಲವು 1943ರ ಸೆಂಟ್‌ಗಳು ಇಂದು ಸಂಗ್ರಹಕಾರರ ಕನಸು. ಆದ್ದರಿಂದಲೇ ಉಕ್ಕಿನ ನಾಣ್ಯಕ್ಕೆ ತಾಮ್ರದ ಲೇಪ ಕೊಟ್ಟವು ಲೆಕ್ಕವಿಲ್ಲದಷ್ಟು ಓಡಾಡುತ್ತಿವೆ. ಉಕ್ಕಿನದು ಸುಮಾರು 2.7 ಗ್ರಾಂ, ಆಯಸ್ಕಾಂತಕ್ಕೆ ಟಪ್ಪನೆ ಅಂಟುತ್ತದೆ. ತಾಮ್ರದ್ದು 3.11 ಗ್ರಾಂ, ಅಂಟುವುದಿಲ್ಲ. ಅಂಟದಿದ್ದರೂ ಕೆಲಸ ಮುಗಿಯಲಿಲ್ಲ. 1948ರ ತಾಮ್ರದ ನಾಣ್ಯದ 8ನ್ನು ಅರ್ಧ ಕೆತ್ತಿ 3 ಮಾಡಿದವರೂ ಇದ್ದಾರೆ. ಉಕ್ಕಿನ 1943ರ ನಾಣ್ಯವೊಂದನ್ನು ಪಕ್ಕದಲ್ಲಿಟ್ಟು ನೋಡಿ. ಅಸಲಿ 3ರ ಬಾಲ ಉದ್ದವಾಗಿ ಕೆಳಕ್ಕೆ ಇಳಿದಿರುತ್ತದೆ, ಕೆತ್ತಿ ಮಾಡಿದ 3ಕ್ಕೆ ಆ ಬಾಲ ಬರುವುದಿಲ್ಲ.

ಜೋಡಿ ಅಕ್ಷರ: ಎಲ್ಲರೂ ಎಡವುವ ಜಾಗ

ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಾನೂ ಇಲ್ಲೇ ಎಡವಿದವನು. ಸಂಗ್ರಹ ಶುರುಮಾಡಿದ ದಿನಗಳಲ್ಲಿ ಒಂದು ನಾಣ್ಯದ ಇಸವಿ ಸ್ಪಷ್ಟವಾಗಿ ಎರಡೆರಡಾಗಿ ಕಂಡಿತ್ತು. ಎರಡು ದಿನ ಅದನ್ನು ಬಿಟ್ಟು ಏಳಲಿಲ್ಲ. ಮೂರನೆಯ ದಿನ ಒಂದೇ ದೀಪದ ಕೆಳಗೆ ತಿರುಗಿಸಿ ನೋಡಿದಾಗ ಗೊತ್ತಾಯಿತು: ಎರಡನೆಯ ರೂಪ ಅನ್ನಿಸಿದ್ದು ಅಂಕೆಯೇ ಆಗಿರಲಿಲ್ಲ. ಅಂಕೆಯ ಒಂದು ಮಗ್ಗುಲನ್ನು ಒತ್ತಿ ಚಪ್ಪಟೆ ಮಾಡಿದ ಮೆಟ್ಟಿಲು ಅದು.

ನಿಜವಾದ ಡಬಲ್ಡ್ ಡೈ ಹುಟ್ಟುವುದು ಅಚ್ಚು ತಯಾರಾಗುವಾಗ. ಹಬ್ ಎನ್ನುವ ಉಕ್ಕಿನ ತುಂಡಿನ ಮೇಲೆ ಚಿತ್ರ ನಾಣ್ಯದಲ್ಲಿರುವಂತೆಯೇ ಉಬ್ಬಾಗಿರುತ್ತದೆ. ಅದನ್ನು ಅಚ್ಚಾಗಬೇಕಾದ ಉಕ್ಕಿನೊಳಕ್ಕೆ ಒತ್ತುತ್ತಾರೆ. ಹಿಂದೆ ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಒತ್ತಡಕ್ಕೆ ಗಡುಸಾದ ಉಕ್ಕನ್ನು ಕಾಯಿಸಿ ಮೆದು ಮಾಡಿ ಮತ್ತೆ ಒತ್ತಬೇಕಿತ್ತು. ಎರಡನೆಯ ಸಲ ಕೂದಲೆಳೆಯಷ್ಟು ತಿರುಗಿದರೂ ಅಚ್ಚಿನಲ್ಲಿ ಎರಡು ಚಿತ್ರ ನಿಲ್ಲುತ್ತವೆ. 1955ರ ಅಮೆರಿಕದ ಸೆಂಟ್ ಇದಕ್ಕೆ ಹೆಸರುವಾಸಿ. ಮುಖದ ಬದಿಯ ಬರಹ, ಇಸವಿ ಎಲ್ಲ ಬರಿಗಣ್ಣಿಗೇ ಜೋಡಿಯಾಗಿ ಕಾಣುತ್ತವೆ. ಸುಮಾರು 20,000ದಿಂದ 24,000 ನಾಣ್ಯಗಳು ಚಲಾವಣೆಗೆ ಹೋದವು ಅನ್ನುವುದು ಅಂದಾಜು.

ಯಂತ್ರದ ಡಬ್ಲಿಂಗ್ ಹುಟ್ಟುವುದು ಆಮೇಲೆ, ಅಚ್ಚು ಬಿದ್ದ ಕ್ಷಣದಲ್ಲಿ. ಸಡಿಲವಾದ ಅಚ್ಚು ನಾಣ್ಯವನ್ನು ಬಿಡುವಾಗ ಸ್ವಲ್ಪ ಜರುಗಿ, ಆಗಷ್ಟೇ ಎದ್ದ ಅಕ್ಷರದ ಮಗ್ಗುಲನ್ನು ಒರೆಸಿಬಿಡುತ್ತದೆ. ಇದು ಬಹಳ ಸಾಮಾನ್ಯ, ಇದಕ್ಕೆ ವಿಶೇಷ ಬೆಲೆ ಇಲ್ಲ.

ಎರಡನ್ನೂ ಬೇರ್ಪಡಿಸುವುದು ಹೀಗೆ. ಒಂದು ಅಕ್ಷರದ ಮೇಲೆ ಮಾತ್ರ ಕಣ್ಣಿಡಿ. ಡಬಲ್ಡ್ ಡೈ ಆದರೆ ಅಕ್ಷರ ಎಂದಿಗಿಂತ ದಪ್ಪವಾಗಿರುತ್ತದೆ, ಯಾಕೆಂದರೆ ಅಲ್ಲಿ ಎರಡು ಅಕ್ಷರಗಳಿವೆ. ಎರಡಕ್ಕೂ ಮೈ ಇರುತ್ತದೆ, ನೆತ್ತಿ ದುಂಡಗಿರುತ್ತದೆ, ಅಕ್ಷರದ ಮೂಲೆಗಳಲ್ಲಿ ಹಾವಿನ ನಾಲಿಗೆಯಂತೆ ಸಣ್ಣ ಸೀಳು ಕಾಣುತ್ತದೆ. ಯಂತ್ರದ ಡಬ್ಲಿಂಗ್ ಆದರೆ ಅಕ್ಷರ ಎಂದಿಗಿಂತ ತೆಳ್ಳಗಾಗಿರುತ್ತದೆ. ಪಕ್ಕದಲ್ಲಿ ಹೊಲದ ಮಟ್ಟಕ್ಕೆ ಹತ್ತಿರವಾಗಿ ಚಪ್ಪಟೆಯಾದ, ಹೊಳೆಯುವ ಮೆಟ್ಟಿಲು ಇರುತ್ತದೆ. ಆ ಮೆಟ್ಟಿಲನ್ನೂ ಸೇರಿಸಿ ಅಳೆದರೆ ಮಾಮೂಲಿ ಅಕ್ಷರದ ಅಗಲವೇ ಬರುತ್ತದೆ. ಒಂದು ಕೊಡುತ್ತದೆ, ಇನ್ನೊಂದು ಕಿತ್ತುಕೊಳ್ಳುತ್ತದೆ ಎಂದು ನೆನಪಿಟ್ಟುಕೊಳ್ಳಿ. ('ಹೊಲ' ಅಂದರೆ ಚಿತ್ರ, ಬರಹ ಇಲ್ಲದ ಬಯಲು ಭಾಗ.)

ಮೂರನೆಯದೂ ಇದೆ. ಅಚ್ಚು ಬಹಳ ಸವೆದಾಗ ಅಕ್ಷರಗಳ ಸುತ್ತ ಲೋಹ ಮಸುಕಾಗಿ ಹರಡಿಕೊಂಡು ಜೋಡಿಯಂತೆ ಕಾಣುತ್ತದೆ. 1955ರ ಸೆಂಟ್‌ಗಳಲ್ಲೇ ಕೊನೆಯ 5 ಮಾತ್ರ ಹೀಗೆ ಜೋಡಿಯಾಗಿ ಕಾಣುವ ನಾಣ್ಯಗಳಿವೆ. ಅವನ್ನು ಆ ಹೆಸರಾಂತ ಡಬಲ್ಡ್ ಡೈ ಎಂದುಕೊಂಡು ಹಣ ಕಳೆದುಕೊಂಡವರಿದ್ದಾರೆ. ಅಸಲಿಯಲ್ಲಿ ಬರಹವೆಲ್ಲ ಜೋಡಿಯಾಗಿರುತ್ತದೆ, ಒಂದು ಅಂಕೆ ಮಾತ್ರವಲ್ಲ. ಇನ್ನೂ ಒಂದು ಗುಟ್ಟಿನ ಗುರುತು ಹಿಂಬದಿಯಲ್ಲಿದೆ: 'ಸೆಂಟ್' ಎಂಬ ಪದದ ಕೊನೆಯ ಟಿ ಅಕ್ಷರದ ಕಂಬದ ಎಡಕ್ಕೆ ಅಚ್ಚಿಗೆ ಉಜ್ಜಿದಾಗ ಬಿದ್ದ ಸಣ್ಣ ಲಂಬ ಗೆರೆಗಳು, ನಾಣ್ಯದಲ್ಲಿ ಉಬ್ಬಾಗಿ. ಹೆಸರಾಂತ ಭೇದಗಳಿಗೆಲ್ಲ ಇಂಥ ಸಾಕ್ಷಿಗಳನ್ನು ಸಂಗ್ರಹಕಾರರು ಹುಡುಕಿ ದಾಖಲಿಸಿದ್ದಾರೆ. ಕೊಳ್ಳುವ ಮೊದಲು ಅವನ್ನು ಓದಿಕೊಳ್ಳಿ.

ಅಚ್ಚು ಹೇಳುವ ಬೇರೆ ಕಥೆಗಳು

ಮಿಂಟ್ ಮಾರ್ಕನ್ನು, ಅಂದರೆ ಯಾವ ಟಂಕಸಾಲೆಯ ನಾಣ್ಯ ಎಂದು ತೋರಿಸುವ ಪುಟ್ಟ ಗುರುತನ್ನು, ಒಂದು ಕಾಲಕ್ಕೆ ಪ್ರತಿ ಅಚ್ಚಿಗೂ ಕೈಯಿಂದಲೇ ಹೊಡೆಯುತ್ತಿದ್ದರು. ಮೊದಲ ಏಟು ಓರೆಯಾದರೆ ಮತ್ತೊಂದು ಏಟು. ಅಡಿಯಲ್ಲಿ ಹಳೆಯದರ ತುಣುಕು ಉಳಿಯುತ್ತದೆ. ಇಸವಿಯ ಮೇಲೆ ಇಸವಿ ಬಿದ್ದದ್ದೂ ಇದೆ. ಅಮೆರಿಕದ 1942ರ ಡೈಮ್‌ನಲ್ಲಿ (10 ಸೆಂಟ್ ನಾಣ್ಯ) 2ರ ಪಕ್ಕ 1 ಇಣುಕುವುದು ಎರಡು ವರ್ಷಗಳ ಎರಡು ಹಬ್‌ಗಳನ್ನು ಒಂದೇ ಅಚ್ಚಿಗೆ ಒತ್ತಿದ್ದರಿಂದ.

ಬಿರುಕು ಬಿಟ್ಟ ಅಚ್ಚು ಎದ್ದ ಸಣ್ಣ ಗೆರೆ ಕೊಡುತ್ತದೆ. ಬಿರುಕು ಬೆಳೆದು ಅಂಚಿನ ತುಂಡೇ ಕಳಚಿಬಿದ್ದರೆ ನಾಣ್ಯದ ಆ ಜಾಗದಲ್ಲಿ ಚಿತ್ರವಿಲ್ಲದ ಗುಡ್ಡೆ ಏಳುತ್ತದೆ. ನಡುವೆ ಬಿಲ್ಲೆ ಇಲ್ಲದೆ ಎರಡು ಅಚ್ಚುಗಳು ಡಿಕ್ಕಿಯಾದರೆ ಒಂದರ ಚಿತ್ರದ ಅಂಚು ಇನ್ನೊಂದರ ಮೇಲೆ ಕೂತು, ಆಮೇಲಿನ ನಾಣ್ಯಗಳಲ್ಲಿ ನೆರಳಿನಂತೆ ಕಾಣುತ್ತದೆ.

ಅಂಥ ಗಾಯವನ್ನು ಉಜ್ಜಿ ತೆಗೆಯಲು ಹೋಗಿ ಹುಟ್ಟಿದ್ದೇ 1937ರ ಡೆನ್ವರ್ ಟಂಕಸಾಲೆಯ ಮೂರು ಕಾಲಿನ ಕಾಡೆಮ್ಮೆ ನಿಕಲ್ (ಅಮೆರಿಕದ 5 ಸೆಂಟ್ ನಾಣ್ಯ). ಅಚ್ಚನ್ನು ಅತಿಯಾಗಿ ಉಜ್ಜಿದಾಗ ಮುಂಗಾಲೊಂದು ಅಳಿಸಿಹೋಯಿತು. ಮಾಮೂಲಿ ನಿಕಲ್‌ನ ಕಾಲನ್ನು ಹೆರೆದು ಇದನ್ನು ನಕಲು ಮಾಡುತ್ತಾರೆ. ಹತ್ತಿರದಿಂದ ನೋಡಿ. ಅಸಲಿಯಲ್ಲಿ ಕಾಲು ಇಲ್ಲದಿದ್ದರೂ ನೆಲದ ಮೇಲೆ ಗೊರಸು ಉಳಿದಿರುತ್ತದೆ, ಹೊಟ್ಟೆಯ ಕೆಳಗಿನಿಂದ ನೆಲದ ಕಡೆಗೆ ಸಣ್ಣ ಉಬ್ಬುಚುಕ್ಕೆಗಳ ಸಾಲು ಇಳಿದಿರುತ್ತದೆ. ಹೆರೆದ ನಾಣ್ಯದಲ್ಲಿ ಆ ಸಾಲಿನ ಬದಲು ಉಳಿಯ ಗೀರು, ಸುತ್ತಲಿನ ಹೊಲಕ್ಕಿಂತ ಬೇರೆಯಾದ ಹೊಳಪು ಕಾಣುತ್ತದೆ.

ಎರಡು ಅಚ್ಚುಗಳ ತಪ್ಪು ಜೋಡಿಯನ್ನು ಮ್ಯೂಲ್ ಅನ್ನುತ್ತಾರೆ. 2008ರಲ್ಲಿ ಬ್ರಿಟನ್ನಿನ 20 ಪೆನ್ಸ್ ಹೊಸ ವಿನ್ಯಾಸಕ್ಕೆ ಬದಲಾದಾಗ ಇಸವಿ ಹಿಂಬದಿಯಿಂದ ಮುಖದ ಬದಿಗೆ ಬಂತು. ಹಳೆಯ ಮುಖದ ಅಚ್ಚು ಹೊಸ ಹಿಂಬದಿಯ ಜೊತೆ ಸೇರಿ, ಇಸವಿಯೇ ಇಲ್ಲದ ನಾಣ್ಯಗಳು ಜನರ ಕೈಗೆ ಬಂದವು.

ಬಿಲ್ಲೆಯ ಮತ್ತು ಟಂಕನದ ತಪ್ಪುಗಳು

ಕಚ್ಚಿದಂತಿರುವ ನಾಣ್ಯ ನಿಜವೇ ಎಂದು ತಿಳಿಯಲು ಕಚ್ಚಿದ ಜಾಗವನ್ನಲ್ಲ, ಅದರ ನೇರ ಎದುರಿನ ರಿಮ್ಮನ್ನು ನೋಡಿ. ತಗಡಿನಲ್ಲಿ ಹಿಂದಿನ ಬಿಲ್ಲೆ ಕತ್ತರಿಸಿದ ರಂಧ್ರದ ಮೇಲೇ ಮತ್ತೆ ಕತ್ತರಿ ಬಿದ್ದಾಗ ಬಿಲ್ಲೆಗೆ ಬಾಗಿದ ಕಚ್ಚು ಬರುತ್ತದೆ. ಆ ಬಿಲ್ಲೆ ರಿಮ್ ಎಬ್ಬಿಸುವ ಯಂತ್ರಕ್ಕೆ ಹೋದಾಗ ಕಚ್ಚು ಇರುವ ಕಡೆ ಒತ್ತಲು ಲೋಹವಿಲ್ಲ, ಆದ್ದರಿಂದ ಎದುರು ಬದಿಗೂ ಒತ್ತಡ ಸಿಗದೆ ಅಲ್ಲಿನ ರಿಮ್ ಮಸುಕಾಗಿ ಬರುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಎಂದು ಹೆಸರು. ಮನೆಯಲ್ಲಿ ಕೂತು ಕತ್ತರಿಸಿದವನಿಗೆ ಈ ಮಸುಕನ್ನು ತರುವುದು ಕಷ್ಟ. ಕಚ್ಚಿನ ಹತ್ತಿರದ ಅಕ್ಷರಗಳೂ ಸಾಕ್ಷಿ ಹೇಳುತ್ತವೆ: ಅಸಲಿಯಲ್ಲಿ ಲೋಹ ಖಾಲಿ ಜಾಗದ ಕಡೆ ಹರಿದು ಅವು ಹಿಗ್ಗಿ ಮಂಕಾಗಿರುತ್ತವೆ, ಆಮೇಲೆ ಕತ್ತರಿಸಿದ್ದಾದರೆ ಪೂರ್ತಿ ಚೂಪಾಗಿದ್ದು ಥಟ್ಟನೆ ತುಂಡಾಗಿರುತ್ತವೆ.

ಕಾಲರ್ ಇಲ್ಲದೆ ಟಂಕಿಸಿದ್ದು ಅಗಲವಾಗಿ ಹರಡಿರುತ್ತದೆ. ಓರೆಯಾಗಿ ಬಿದ್ದದ್ದರಲ್ಲಿ ಒಂದು ಬದಿ ಬೋಳು. ಟಂಕಿಸಿದ ನಾಣ್ಯ ಒಂದು ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಗೆ ಅದರ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ತಗ್ಗಾಗಿ ಇಳಿಯುತ್ತದೆ. ಇದು ಬ್ರಾಕೇಜ್. ಎರಡು ನಾಣ್ಯಗಳನ್ನು ಇಕ್ಕಳದಲ್ಲಿ ಒತ್ತಿದರೂ ತಿರುಗುಮುರುಗು ಅಕ್ಷರ ಮೂಡುತ್ತದೆ, ಆದರೆ ಆಗ ಎದುರು ಬದಿಯ ಚಿತ್ರ ಜಜ್ಜಿಹೋಗಿ ಚಪ್ಪಟೆಯಾಗಿರುತ್ತದೆ.

ಎರಡೂ ಬದಿಯಲ್ಲಿ ಒಂದೇ ಮುಖವಿರುವ ನಾಣ್ಯ ಸಿಕ್ಕಿದರೆ ಹಿಗ್ಗಬೇಡಿ. ಹೆಚ್ಚುಕಡಿಮೆ ಎಲ್ಲವೂ ಜಾದೂಗಾರರಿಗೆಂದು ಮಾಡಿದವು. ಒಂದು ನಾಣ್ಯವನ್ನು ಬಟ್ಟಲಿನಂತೆ ಕೊರೆದು ಇನ್ನೊಂದನ್ನು ತೆಳುವಾಗಿಸಿ ಒಳಗೆ ಕೂರಿಸಿರುತ್ತಾರೆ. ರಿಮ್‌ನ ಒಳಮೈಯಲ್ಲಿ ಸುತ್ತಲೂ ಕೂದಲಿನಂಥ ಸಂದು ಸಿಗುತ್ತದೆ.

ಆಮ್ಲದಲ್ಲಿ ಅದ್ದಿದ ನಾಣ್ಯ ಸಣ್ಣದಾಗಿ, ತೆಳ್ಳಗಾಗಿ "ತಪ್ಪು ಬಿಲ್ಲೆ"ಯಂತೆ ನಟಿಸುತ್ತದೆ. ಆದರೆ ಎಲ್ಲ ವಿವರವೂ ಸಮನಾಗಿ ಕರಗಿ, ಮೈ ತರಿತರಿಯಾಗಿರುತ್ತದೆ. ಬೆಂಕಿಗೆ ಸಿಕ್ಕಿದ್ದು ಗುಳ್ಳೆ ಎದ್ದಿರುತ್ತದೆ.

ತಿದ್ದಿದ ನಾಣ್ಯಗಳು

ನಾಣ್ಯ ಅಸಲಿ, ಇಸವಿಯೋ ಮಿಂಟ್ ಮಾರ್ಕೋ ಸುಳ್ಳು. ಇದು ಖೋಟಾಕ್ಕಿಂತ ಅಪಾಯ, ಯಾಕೆಂದರೆ ತೂಕ, ಲೋಹ ಎಲ್ಲ ಸರಿಯಾಗೇ ಇರುತ್ತದೆ. ಇಲ್ಲಿ ಇತಿಹಾಸ ಗೊತ್ತಿದ್ದವರು ಗೆಲ್ಲುತ್ತಾರೆ. 1914ರ ಡೆನ್ವರ್ ಸೆಂಟ್ ಅಪರೂಪದ್ದು, 1944ರ ಡೆನ್ವರ್ ಸೆಂಟ್ ಧಾರಾಳ. ಮೊದಲ 4ನ್ನು 1 ಆಗಿ ತಿದ್ದಿದರೆ ಆಯಿತು! ಆದರೆ ಕಲಾವಿದ ವಿಕ್ಟರ್ ಡೇವಿಡ್ ಬ್ರೆನ್ನರ್ ಅವರ ವಿ.ಡಿ.ಬಿ. ಎಂಬ ಮೊದಲಕ್ಷರಗಳು ಸೆಂಟ್‌ನ ಮುಖದ ಬದಿಯಲ್ಲಿರುವ ಲಿಂಕನ್ನರ ಭುಜದ ಕೆಳಗೆ ಬಂದದ್ದು 1918ರಿಂದ. 1914 ಎಂದು ಹೇಳಿಕೊಳ್ಳುವ ನಾಣ್ಯದ ಭುಜದಡಿ ಆ ಅಕ್ಷರಗಳಿದ್ದರೆ ಮಾತು ಮುಗಿಯಿತು. 9ಕ್ಕೂ 1ಕ್ಕೂ ನಡುವೆ ಬೇಡದ ಅಂತರವೂ ಕಾಣುತ್ತದೆ.

ಅಂಟಿಸಿದ ಮಿಂಟ್ ಮಾರ್ಕಿನ ಬುಡ ನೋಡಿ. ಟಂಕಿಸಿದ ಅಕ್ಷರ ಹೊಲದಿಂದ ಬೆಟ್ಟ ಎದ್ದಂತೆ ಇಳಿಜಾರಾಗಿ ಏಳುತ್ತದೆ, ಅಂಟಿಸಿದ್ದರ ಸುತ್ತ ಕಪ್ಪು ಸಂದು ಇರುತ್ತದೆ.

ಪೂರ್ತಿ ಖೋಟಾ

ಎರಕ ಹೊಯ್ದ ನಾಣ್ಯ ಹಿಡಿಯುವುದು ಸುಲಭ. ಅಕ್ಷರಗಳು ಸವೆದ ಸೋಪಿನಂತೆ ಮೊಂಡಾಗಿರುತ್ತವೆ, ಗಾಳಿಗುಳ್ಳೆಯ ಗುಂಡಿಗಳಿರುತ್ತವೆ, ಅಂಚಿನ ಸುತ್ತ ಎರಡು ಅರ್ಧ ಸೇರಿದ ಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇರುತ್ತದೆ. ಅಂಚು ನಾಣ್ಯದ ಮೂರನೆಯ ಮುಖ, ಅದನ್ನು ನೋಡದೆ ತೀರ್ಮಾನಕ್ಕೆ ಬರಬೇಡಿ. ಬ್ರಿಟನ್ನಿನ ಹಳೆಯ ದುಂಡು ಪೌಂಡ್‌ನಲ್ಲಿ ಒಂದು ಹಂತಕ್ಕೆ 100ಕ್ಕೆ ಸುಮಾರು 3 ಖೋಟಾ ಎಂದು ಅಂದಾಜಾಗಿ, 2017ರಲ್ಲಿ 12 ಮೂಲೆಯ ನಾಣ್ಯ ತಂದರು. ಆ ಖೋಟಾಗಳನ್ನು ಜನ ಹಿಡಿಯುತ್ತಿದ್ದದ್ದು ಅಂಚಿನ ಬರಹ ಹಿಂಬದಿಯ ವಿನ್ಯಾಸಕ್ಕೆ ಹೊಂದದಿದ್ದಾಗ, ಎರಡು ಬದಿಗಳ ತಲೆ ಒಂದೇ ನೇರಕ್ಕೆ ನಿಲ್ಲದಿದ್ದಾಗ.

ಅಸಲಿ ನಾಣ್ಯದಿಂದಲೇ ಅಚ್ಚು ತೆಗೆದು ಟಂಕಿಸಿದ ನಕಲಿ ಕಠಿಣ. ಅಸಲಿ ನಾಣ್ಯಕ್ಕೆ ಬಿದ್ದಿದ್ದ ಪೆಟ್ಟು, ಗೀರುಗಳೂ ಅಚ್ಚಿಗೆ ಇಳಿದು, ಪ್ರತಿ ನಕಲಿಯಲ್ಲೂ ಅದೇ ಜಾಗದಲ್ಲಿ ತಗ್ಗಾಗಿ ಬರುತ್ತವೆ. ಮೊದಲು ಹೇಳಿದ ಪ್ರಶ್ನೆಗೆ ಇಲ್ಲಿ ಮತ್ತೆ ಬನ್ನಿ. ಅಚ್ಚಿನ ಗುರುತು, ಅಂದರೆ ಎದ್ದ ಗೆರೆ, ಬಿರುಕು, ಹಲವು ನಾಣ್ಯಗಳಲ್ಲಿ ಮರುಕಳಿಸುವುದು ಸಹಜ. ಕೈಯಿಂದ ಕೈಗೆ ಓಡಾಡುವಾಗ ಬಿದ್ದ ತಗ್ಗು ಎರಡು ನಾಣ್ಯಗಳಲ್ಲಿ ಒಂದೇ ಕಡೆ ಬೀಳಲು ಸಾಧ್ಯವೇ ಇಲ್ಲ. ಇನ್ನೂ ಒಂದು: ಆ ತಗ್ಗಿನ ತಳ ಕೂಡ ಉಳಿದ ಹೊಲದಂತೆಯೇ ನಯವಾಗಿ ಹೊಳೆಯುತ್ತದೆ. ನಿಜವಾದ ಪೆಟ್ಟಿನ ತಳ ಹಾಗಿರುವುದಿಲ್ಲ.

ಪ್ರಾಚೀನ ನಾಣ್ಯಗಳ ಲೋಕದಲ್ಲಿ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಎಂಬ ಜರ್ಮನ್ ಖೋಟಾಗಾರನ ಹೆಸರು ಇಂದಿಗೂ ಕೇಳುತ್ತದೆ. ಅವನು ಅಚ್ಚುಗಳನ್ನು ಸ್ವತಃ ಕೆತ್ತುತ್ತಿದ್ದ. ಹೊಸತನ ಹೋಗಲೆಂದು ನಾಣ್ಯಗಳನ್ನು ಕಬ್ಬಿಣದ ಪುಡಿ, ಜಿಡ್ಡಿನ ಜೊತೆ ಡಬ್ಬಿಯಲ್ಲಿ ತುಂಬಿ ಗಾಡಿಗೆ ಕಟ್ಟಿ ಸವಾರಿ ಹೊರಡುತ್ತಿದ್ದನಂತೆ. ಸವಕಲು ಕೂಡ ಕೃತಕವಾಗಿರಬಹುದು ಎಂಬುದಕ್ಕೆ ಇದು ಸಾಕ್ಷಿ. ನಿಜವಾದ ಬಳಕೆಯಲ್ಲಿ ಎತ್ತರದ ಭಾಗ ಮೊದಲು ಸವೆಯುತ್ತದೆ, ತಗ್ಗಿನ ಮೂಲೆಗಳು ಉಳಿಯುತ್ತವೆ. ಎಲ್ಲ ಕಡೆ ಸಮನಾಗಿ ಸವೆದಿದ್ದರೆ ಸಂಶಯ ಪಡಿ.

ನೀರಿನಲ್ಲಿ ತೂಗುವ ಪರೀಕ್ಷೆ

ಬೆಳ್ಳಿ, ಚಿನ್ನದ ನಾಣ್ಯಕ್ಕೆ ಇದಕ್ಕಿಂತ ಒಳ್ಳೆಯ ಮನೆಪರೀಕ್ಷೆ ನಾನು ಕಂಡಿಲ್ಲ. ನಾಣ್ಯವನ್ನು ಒಣದಾಗಿ ತೂಗಿ ಬರೆದಿಟ್ಟುಕೊಳ್ಳಿ. ತಕ್ಕಡಿಯ ಮೇಲೆ ಭಟ್ಟಿ ಇಳಿಸಿದ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗುಬಿಡಿ. ತಳಕ್ಕೂ ಪಕ್ಕಕ್ಕೂ ತಾಗಬಾರದು, ಮೈಗೆ ಗಾಳಿಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಬರುವುದೇ ಲೋಹದ ಸಾಂದ್ರತೆ, ಅಂದರೆ ಅದು ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ.

ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರ್ 26.73 ಗ್ರಾಂ, 90 ಭಾಗ ಬೆಳ್ಳಿ, 10 ಭಾಗ ತಾಮ್ರ. ನೀರಿನಲ್ಲಿ 2.59 ಬಂದರೆ ಭಾಗಲಬ್ಧ 10.32, ಸರಿಯಾಗಿದೆ. ಅದೇ ತೂಕದ ನಾಣ್ಯ 3.0 ತೋರಿಸಿದರೆ 8.91 ಆಯಿತು, ಅದು ತಾಮ್ರ-ನಿಕಲ್‌ನ ಜಾತಿ. 22 ಕ್ಯಾರಟ್ಟಿನ ಬ್ರಿಟಿಷ್ ಸಾವರಿನ್ 7.99 ಗ್ರಾಂ, ಅದಕ್ಕೆ 17.5ರ ಆಸುಪಾಸು ಬರಬೇಕು. ಶುದ್ಧ ಚಿನ್ನದಲ್ಲಿ ಮಾತ್ರ ಎಚ್ಚರ: ಚಿನ್ನ 19.3, ಟಂಗ್‌ಸ್ಟನ್ 19.25, ಈ ಪರೀಕ್ಷೆ ಅವೆರಡನ್ನು ಬೇರ್ಪಡಿಸಲಾರದು. ಪರೀಕ್ಷೆ ಮುಗಿದ ಮೇಲೆ ನಾಣ್ಯವನ್ನು ಉಜ್ಜಬೇಡಿ, ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ. ಯಾವ ಕಾರಣಕ್ಕೂ ಪಾಲಿಶ್ ಮಾಡಬೇಡಿ. ಹೋದ ಮೈ ಮತ್ತೆ ಬರುವುದಿಲ್ಲ, ಅದರ ಜೊತೆ ಸಾಕ್ಷಿಯೂ ಹೋಗುತ್ತದೆ.

ಪರಿಣತರಿಗೆ ಕಳಿಸುವ ಮುನ್ನ

ಪಿಸಿಜಿಎಸ್, ಎನ್‌ಜಿಸಿ, ಅನಾಕ್ಸ್‌ನಂಥ ಸಂಸ್ಥೆಗಳು ನಾಣ್ಯ ಪರೀಕ್ಷಿಸಿ ಪ್ಲಾಸ್ಟಿಕ್ ಕವಚದಲ್ಲಿಟ್ಟು ಕೊಡುತ್ತವೆ. ಆ ಕವಚಗಳಿಗೂ ನಕಲಿ ಬಂದಿದೆ, ಕೆಲವು ಅಸಲಿ ಕವಚದ ನಂಬರನ್ನೇ ಕದ್ದಿರುತ್ತವೆ. ಆದ್ದರಿಂದ ಸಂಸ್ಥೆಯ ದಾಖಲೆಯಲ್ಲಿ ನಂಬರ್ ಇದೆಯೇ ಎಂದಷ್ಟೇ ನೋಡಿ ಬಿಡಬೇಡಿ. ಅಲ್ಲಿ ಫೋಟೋ ಇದ್ದರೆ ನಿಮ್ಮ ನಾಣ್ಯದ ಒಂದು ಗೀರನ್ನಾದರೂ ಅದರ ಜೊತೆ ತಾಳೆ ಹಾಕಿ.

ತೀರ್ಮಾನಕ್ಕೆ ಬರಲಾಗದ ನಾಣ್ಯವನ್ನು ಬೇರೆ ಲಕೋಟೆಯಲ್ಲಿಡಿ. ಲಕೋಟೆಯ ಮೇಲೆ ತೂಕ, ವ್ಯಾಸ, ಆಯಸ್ಕಾಂತಕ್ಕೆ ಅಂಟಿತೇ ಇಲ್ಲವೇ, ಗುರುತು ಉಬ್ಬೋ ತಗ್ಗೋ, ಯಾವ ಹಂತದಲ್ಲಿ ಮೂಡಿರಬಹುದು ಎಂದು ಬರೆದು ತಾರೀಖು ಹಾಕಿ. ತಿಂಗಳು ಬಿಟ್ಟು ಅದನ್ನು ಓದದೆ ಮೊದಲು ನಾಣ್ಯ ನೋಡಿ, ಆಮೇಲೆ ನಿಮ್ಮದೇ ಬರಹದ ಜೊತೆ ಹೋಲಿಸಿ. ಎರಡೂ ಸಲ ಒಂದೇ ಉತ್ತರ ಬಂದರೆ ಮಾತ್ರ ಪರಿಣತರಿಗೆ ಕಳಿಸಿ.